ಜೊಂಡಿನಕೆರೆಗೆ ಗಾಳ ಹಾಕಿದ ಮುದ್ದೀರ

ಹೂಂ ಅನ್ನೋಕೆ ಒಬ್ಬರಾದ್ರೂ ಇದ್ದೀರಾ? ಇದ್ರೆ ಹೇಳ್ತೀನಿ. ಒಬ್ಬನೇ ಕೂತು ಹೇಳ್ಕೊಳ್ಳೋ ಕತೆ ಅಲ್ಲ ಇದು, ನಂಗಷ್ಟು ಧೈರ್ಯ ಇಲ್ಲ. ಪೆದ್ದನ ಕತೆ ತಾನೇ ಅಂತ ನಗ್ತೀರಿ, ನಗಿ. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ.

ಜೊಂಡಿನಕೆರೆ ಅಂತ ಒಂದು ಕೆರೆ. ಅದರ ಏರಿ ಕೆಳಗೆ ಬೆಸ್ತರ ಸಣ್ಣತಾಯಮ್ಮನ ಮನೆ. ಅವಳಿಗೆ ಒಬ್ಬನೇ ಮಗ, ಮುದ್ದೀರ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಿಗೇ ನಿಂತಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಹಾಲು ಉಕ್ಕೋದು ನೋಡ್ತಾ ಇರು" ಅಂದ್ರೆ, ಉಕ್ಕಿ ಒಲೆ ಆರೋವರೆಗೂ ನೋಡ್ತಾ ನಿಲ್ಲೋನು. "ಯಾವ ಕರ್ಮಕ್ಕೆ ನಿನ್ನ ಹೆತ್ತೆನೋ!" ಅಂತ ಅವಳು ಹಣೆ ಹಣೆ ಚಚ್ಕೊಳ್ಳೋಳು.

ಅವಳ ಗಂಡ ಬೆಟ್ಟಯ್ಯ ಮೂರು ವರ್ಷದ ಹಿಂದೆ, ಹೊಂಗೆ ಚಿಗುರೋ ಹೊತ್ತಲ್ಲಿ, ತೆಪ್ಪ ತಗೊಂಡು ಕೆರೆಗಿಳಿದ. ತೆಪ್ಪ ದಡಕ್ಕೆ ಬಂತು, ಬೆಟ್ಟಯ್ಯ ಬರಲಿಲ್ಲ. ಊರೋರು ಮೂರು ದಿನ ಬಲೆ ಬೀಸಿ ಕೈ ಚೆಲ್ಲಿದ್ರು. "ಇನ್ನು ಬಳೆ ತೆಗಿಯಮ್ಮ" ಅಂದ್ರು. "ಹೆಣ ತೋರ್ಸಿ, ಆಮೇಲೆ ತೆಗೀತೀನಿ" ಅಂದ್ಲು ಸಣ್ಣತಾಯಮ್ಮ. ಅವತ್ತಿಂದ ದಿನಾ ಮೂರು ತಟ್ಟೆ ಹಾಕ್ತಾಳೆ, ಮೂರನೇದು ಹಾಗೇ ಆರಿಹೋಗುತ್ತೆ. ಗಂಡ ಬರ್ತಾನೆ ಅನ್ನೋ ಒಂದೇ ಆಸೆಗೆ ಅವಳು ಉಸಿರಾಡ್ತಿದ್ಲು.

ಯುಗಾದಿ ಮಾರನೇ ದಿನದ ಬಾಡೂಟ, ಹೊಸತೊಡಕಿಗೆ ಇನ್ನು ಮೂರು ದಿನ ಅನ್ನುವಾಗ ಮಗನ್ನ ಕರೆದಳು.

"ನಿಮ್ಮಪ್ಪನ ತಟ್ಟೆಗೆ ಕೊರಮೀನಿನ ಸಾರು ಬಡಿಸ್ಬೇಕು ಕಣೋ. ಬಿಸಿಲೇರೈತೆ, ಮೀನು ಆಳ ಬಿಟ್ಟು ಅಂಚಿಗೆ ಬಂದಿರ್ತವೆ. ಗಾಳಕ್ಕೆ ಕಪ್ಪೆ ಹಾಕು. ಕಪ್ಪೆಗೆ ಜೀವ ಇರ್ಬೇಕು, ಕೇಳಿಸ್ತಾ? ಸತ್ತಿದ್ದನ್ನ ಅದು ಮೂಸೋದೂ ಇಲ್ಲ!"

"ಆಗ್ಲವ್ವ!"

ಮಟಮಟ ಮಧ್ಯಾಹ್ನ. ಏರಿ ಮೇಲೆ ಒಂದು ನರಪಿಳ್ಳೆ ಇಲ್ಲ. ಮುದ್ದೀರ ಕಪ್ಪೆ ಹಿಡಿದ. ಗಾಳದ ಮುಳ್ಳು ಚುಚ್ಚಿದ್ರೆ ಸತ್ತೋಗುತ್ತಲ್ಲ? ಮುಳ್ಳು ಬಿಚ್ಚಿ ಎಸೆದ. ಕಪ್ಪೇನ ಅಂಗೈಲಿಟ್ಕೊಂಡು ಕೈಯನ್ನೇ ನೀರಿಗೆ ಬಿಟ್ಟು ಕೂತ. ಸಂಜೆಗೆ ಬರಿಗೈಲಿ ಬಂದ.

"ಮೀನೆಲ್ಲೋ?"

"ಕಪ್ಪೇನ ಇಸ್ಕೊಂತು ಕಣವ್ವ."

"ಯಾವುದೋ ಇಸ್ಕೊಂಡಿದ್ದು?"

"ಒಂದು ಕೈ. ತಣ್ಣಗಿತ್ತು. ಐದು ಬೆರಳಿತ್ತು."

"ಪಾಚಿ ಕಣೋ ಅದು, ದಡ್ಡ ಶಿಖಾಮಣಿ!" ಅಂತ ಬೈದ್ಲು. "ಜೀವ ಇರೋ ಕಪ್ಪೆ ಸಹವಾಸ ನಿಂಗೆ ಬೇಡ. ತಗೋ, ನಿಮ್ಮಪ್ಪ ಪ್ಯಾಟೆಯಿಂದ ತಂದಿದ್ದ ರಬ್ಬರ್ ಕಪ್ಪೆ. ಇದು ತಾನಾಗಿ ಆಡಲ್ಲ, ನೀನೇ ಆಡಿಸ್ಬೇಕು. ದಾರ ಕಟ್ಟಿ ಎಳಿ, ನಿಲ್ಸು. ಎಳಿ, ನಿಲ್ಸು. ಜೀವ ಐತೆ ಅಂತ ನಂಬಿ ಹಿಂದೇನೇ ಬರುತ್ತೆ."

"ಆಗ್ಲವ್ವ!"

ಮಾರನೇ ಮಧ್ಯಾಹ್ನ ರಬ್ಬರ್ ಕಪ್ಪೆಗೆ ದಾರ ಕಟ್ಟಿದ. ಎಳಿ ಅಂದ್ಲು, ನಿಲ್ಸು ಅಂದ್ಲು. ನೀರಿಗೆ ಹಾಕು ಅಂದ್ಲಾ? ಇಲ್ವಲ್ಲ! ಏರಿ ಮೇಲೆ ಧೂಳಲ್ಲಿ ಕಪ್ಪೆ ಎಳ್ಕೊಂಡು ಹೊರಟ. ಎರಡು ಹೆಜ್ಜೆ ಎಳೀತಾನೆ, ನಿಲ್ತಾನೆ. ಎರಡು ಹೆಜ್ಜೆ ಎಳೀತಾನೆ, ನಿಲ್ತಾನೆ. ಕೆರೆ ಸುತ್ತಿ ಮನೆಗೆ ಬಂದ.

"ಮೀನೆಲ್ಲೋ?"

"ಹಿಂದೇನೇ ಬಂತು ಕಣವ್ವ! ನಾನು ಎರಡು ಹೆಜ್ಜೆ ಇಟ್ರೆ ಜೊಂಡಿನೊಳಗೂ ಪಚಕ್ ಪಚಕ್ ಅಂತ ಎರಡು ಹೆಜ್ಜೆ. ನಾನು ನಿಂತ್ರೆ ಅದೂ ನಿಲ್ಲೋದು. ಏರಿ ಇಳಿಯೋವರೆಗೂ ಬಂತು. ಆಮೇಲೆ ನನ್ನೇ ನೋಡ್ತಾ ನಿಂತ್ಕೊಂತು."

"ನೀರುನಾಯಿ ಇದ್ದೀತು" ಅಂದ್ಲು ಸಣ್ಣತಾಯಮ್ಮ. ಅಂದವಳು ಎದ್ದು ಕೆರೆ ಕಡೆ ಕಿಟಕಿ ಮುಚ್ಚಿದಳು. ಆಮೇಲೆ ಮಗನ ಮೇಲೆ ಹಾಯ್ದಳು. "ಒಣ ನೆಲದಲ್ಲಿ ಮೀನು ಹಿಡಿಯೋ ಮಹಾನುಭಾವ! ಕೇಳಿಲ್ಲಿ. ಅಂಚಲ್ಲಿ ಕೆಂಪು ಮರಿಗಳು ಗುಂಪಾಗಿ ಕುದಿಯೋ ಥರ ಆಡ್ತಿರ್ತವೆ. ಅದರ ಕೆಳಗೇ ಅಪ್ಪ ಮೀನು ಕಾವಲಿರುತ್ತೆ. ಅದು ಹಸಿವಿಗೆ ಬಾಯಿ ಹಾಕಲ್ಲ, ಮರಿಗೋಸ್ಕರ ಬರುತ್ತೆ. ಮರಿ ಇರೋ ಕಡೆ ಅಪ್ಪ ಬಂದೇ ಬರುತ್ತೆ, ತಿಳೀತಾ?"

"ತಿಳೀತವ್ವ!"

ಏನು ತಿಳೀತೋ ಏನೋ. ಯುಗಾದಿ ದಿನ, ಊರೆಲ್ಲ ಹೋಳಿಗೆ ತಿಂದು ಮಲಗಿರೋ ಹೊತ್ತು. ಮುದ್ದೀರ ಕೋಲು, ದಾರ, ರಬ್ಬರ್ ಕಪ್ಪೆ ಎಲ್ಲಾ ದಡದಲ್ಲಿಟ್ಟ. ಕೆಂಪು ಮರಿಗಳು ಆಡ್ತಿದ್ದ ಕಡೆ ಕತ್ತುಮಟ್ಟ ನೀರಿಗಿಳಿದು ನಿಂತ. ನಿಮಗೆ ನಗು ಬರುತ್ತೆ. ನನಗೆ ಇಲ್ಲಿಂದ ಮುಂದೆ ಬರೋದಿಲ್ಲ.

ತೊಯ್ದು ತೊಪ್ಪೆಯಾಗಿ ಬಂದ.

"ಮೀನೆಲ್ಲೋ? ನೀರಿಗ್ಯಾಕೆ ಬಿದ್ದೆ?"

"ಬೀಳಲಿಲ್ಲವ್ವ, ನಿಂತೆ. ಅವು ಮೀನಿನ ಮರಿ, ನಾನು ಅಪ್ಪನ ಮರಿ. ನೀನೇ ಹೇಳಿದ್ಯಲ್ಲ, ಬಂದೇ ಬರುತ್ತೆ ಅಂತ. ಬಂದ."

ಸಣ್ಣತಾಯಮ್ಮನ ಕೈಲಿದ್ದ ಸೌಟು ಕೆಳಗೆ ಬಿತ್ತು.

"ಏನು ಮಾಡಿದ್ರು?"

"ಕಾಲು ಹಿಡ್ಕೊಂಡ. 'ಚಳಿ ಆಗ್ತೈತಾ ಮರಿ?' ಅಂದ. 'ಹೂಂ' ಅಂದೆ. ಬಿಟ್ಟುಬಿಟ್ಟ."

ಈ ಸಲ ಅವಳು ಬೈಯಲಿಲ್ಲ. ಬಹಳ ಹೊತ್ತು ಬಳೆ ತಿರುಗಿಸ್ತಾ ಕೂತಿದ್ಲು. ಆಮೇಲೆ ಮಗನ ಎರಡೂ ಭುಜ ಹಿಡಿದು ಹೇಳಿದ್ಲು:

"ನಾಳೆ ನಿಮ್ಮಪ್ಪನ್ನ ಬಿಡಬೇಡ. ಸೊಂಟಕ್ಕೆ ದಾರ ಕಟ್ಟಿ ಮನೆಗೆ ಕರ್ಕೊಂಡು ಬಾ. ಒಳಗೆ ಬಂದ ತಕ್ಷಣ ಬಾಗಿಲು ಹಾಕಿ ಚಿಲಕ ಜಡಿ. ಮುಚ್ಚಳ ತೆಗೆದ್ರೆ ಮೀನು ಕುಕ್ಕೆಯಿಂದ ನೆಗೆಯಲ್ವಾ, ಹಾಗೆ. ಮನೆ ಅನ್ನ ಹೊಟ್ಟೆಗೆ ಬಿದ್ರೆ ಆಮೇಲೆ ನೀರಿಗೆ ಹೋಗಲ್ಲ. ಅವರು ಉಂಡು ಮುಗಿಸೋವರೆಗೂ ತೆಗೀಬೇಡ. ಯಾರು ಕೂಗಿದ್ರೂ ತೆಗೀಬೇಡ. ನನ್ನ ಕರುಳು ಕೆಟ್ಟದ್ದು, ನಾನೇ ತೆಗಿ ಅಂದ್ರೂ ತೆಗೀಬೇಡ!"

"ಆಗ್ಲವ್ವ!"

ಹೊಸತೊಡಕು. ಊರಿನ ಎಲ್ಲ ಮನೆಯಲ್ಲೂ ಬಾಡಿನ ಘಮಘಮ. ಸಣ್ಣತಾಯಮ್ಮ ಎಣ್ಣೆನೀರು ಹಾಕ್ಕೊಂಡು, ಹೂ ಮುಡಿದು, ಮುದ್ದೆ ಕಟ್ಟಿ, ಹುರುಳಿ ಸಾರು ಕಾಯಿಸಿ ಕೂತಿದ್ಲು. ಹೊರಗೆ ಪಚಕ್ ಪಚಕ್ ಅಂತು. ನಿಂತಿತು. ಪಚಕ್ ಪಚಕ್ ಅಂತು.

ಹೆಗಲ ಮೇಲೆ ದಾರ ಹಾಕ್ಕೊಂಡು ಮುದ್ದೀರ ಬಂದ. "ಅವ್ವಾ, ಹಿಡ್ಕೊಂಡು ಬಂದೆ!" ಅಂದ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅದು ತಲೆ ಬಗ್ಗಿಸಿ ಒಳಗೆ ಹೋಯ್ತು.

ಎತ್ತರ ಬೆಟ್ಟಯ್ಯನದೇ. ಹೆಗಲೂ ಅವನದೇ. ಹೆಜ್ಜೆ ಇಟ್ಟ ಕಡೆಯೆಲ್ಲ ಅಂಗೈಯಗಲ ನೀರು, ನೀರಲ್ಲಿ ಸಣ್ಣ ಸಣ್ಣ ಕೆಂಪು ಮರಿಗಳು ಮಿಸುಕಾಡ್ತಿದ್ವು. ಸಣ್ಣತಾಯಮ್ಮ ನಗ್ತಾ ಎದ್ದವಳು ಮುಖ ನೋಡಿದ್ಲು. ಏನು ನೋಡಿದ್ಲೋ ನಾನು ಹೇಳಲಾರೆ, ನನಗೆ ಹೇಳಿದೋರೂ ಹೇಳಲಿಲ್ಲ.

ಮುದ್ದೀರ ತಡ ಮಾಡಲಿಲ್ಲ. ಬಾಗಿಲು ಹಾಕು ಅಂದ್ಲು, ಚಿಲಕ ಜಡಿ ಅಂದ್ಲು. ಯಾವ ಕಡೆ ನಿಂತು ಅಂತ ಹೇಳಿದ್ಲಾ? ಇಲ್ವಲ್ಲ! ಹೊರಗೆ ನಿಂತಿದ್ದ, ಹೊರಗಿಂದಲೇ ಎಳೆದು ಜಡಿದ.

"ಮುದ್ದೀರಾ! ತೆಗಿಯೋ!"

"ಇಲ್ಲವ್ವ!"

"ಇದು ಅವರಲ್ಲ ಕಣೋ! ನಿಮ್ಮಪ್ಪ ಅಲ್ಲ ಕಣೋ! ನಿನ್ನ ಕಾಲಿಗೆ ಬೀಳ್ತೀನಿ, ತೆಗಿಯಪ್ಪಾ!"

"ನೀನೇ ಹೇಳಿದ್ಯಲ್ಲವ್ವ, ನೀನು ಅಂದ್ರೂ ತೆಗೀಬೇಡ ಅಂತ!"

ಬಾಗಿಲು ದಡದಡ ಅಂತು. ಬಳೆ ಒಡೆದ ಸದ್ದಾಯ್ತು. ಆಮೇಲೆ ಸದ್ದೇ ಇಲ್ಲ. ಹೊಸ್ತಿಲ ಕೆಳಗಿಂದ ಒಂದು ಎಳೆ ನೀರು ಹರಿದು ಬಂದು ಮುದ್ದೀರನ ಕಾಲು ತೋಯಿಸ್ತು. ಅವನು ಜಗಲಿ ಮೇಲೆ ಕಾಲೆತ್ತಿ ಕೂತ. ಬಿಸಿಲು ಒಂದು ಮಾರು ಸರೀತು. ಹೊಟ್ಟೆ ಚುರುಗುಟ್ಟೋಕೆ ಶುರುವಾಯ್ತು.

ಎದ್ದು ಬಾಗಿಲ ಸಂದಿಗೆ ಬಾಯಿಟ್ಟು ಕೇಳಿದ:

"ಅವ್ವಾ, ಅಪ್ಪಂದು ಊಟ ಆಯ್ತಾ?"

ಒಳಗಿಂದ ಗಂಡಸಿನ ದನಿ ಮೆಲ್ಲಗೆ ಬಂತು:

"ಇನ್ನೂ ಇಲ್ಲ ಮರಿ."

"ಆಗ್ಲಪ್ಪ, ನಿಧಾನಕ್ಕೆ ಉಣ್ಣು" ಅಂದ ಮುದ್ದೀರ, ಚಿಲಕ ಇನ್ನೊಂದ್ಸಲ ಎಳೆದು ನೋಡಿ, ಕಾವಲು ಕೂತ.