ಹಿಂದಿನ ಸೀಟಿನಲ್ಲಿ ಕೂತವರು

"ಗುರುಗಳೇ, ನಾನು ಹೇಳುವ ಮಾತು ಬದಲಾಗಿಲ್ಲ. ಅದರ ಸುತ್ತಲಿನದನ್ನು ಸ್ವಲ್ಪ ದೊಡ್ಡದು ಮಾಡಿದ್ದೇನೆ, ಅಷ್ಟೇ. ಅದರಲ್ಲಿ ತಪ್ಪೇನು?" ಎಂದು ನಿಜಗುಣ ಕೇಳಿದ.

ನಿಜಗುಣ ಮಠದ ಶಿಷ್ಯ. ಮೂರು ವರ್ಷದಿಂದ ಸಂಜೆಯ ಪ್ರವಚನ ಅವನದು. ಮೊದಲು ಮೂವತ್ತು ನಲವತ್ತು ಜನ ಚಾಪೆಯ ಮೇಲೆ ಕೂತು ಕೇಳುತ್ತಿದ್ದರು. ಈಚೆಗೆ ಅವನು ಎತ್ತರದ ವೇದಿಕೆ ಕಟ್ಟಿಸಿದ್ದ. ಬಣ್ಣದ ದೀಪ ಹಾಕಿಸಿ, ಆಳೆತ್ತರದ ಸ್ಪೀಕರುಗಳನ್ನು ತರಿಸಿದ್ದ. ಜನ ಅಂಗಳ ತುಂಬಿ ರಸ್ತೆಯವರೆಗೆ ನಿಲ್ಲುತ್ತಿದ್ದರು. ಗುರುಗಳು ಮಾತ್ರ ಒಂದು ತಿಂಗಳಿಂದ ಆ ಕಡೆ ಬಂದಿರಲಿಲ್ಲ.

"ಬಂದವರು ಏನನ್ನುತ್ತಾರೆ?" ಎಂದು ಗುರುಗಳು ಕೇಳಿದರು.

"ನಾನು ಏನು ಹೇಳಿದರೂ ತಲೆಯಾಡಿಸುತ್ತಾರೆ."

"ಹಾಗಾದರೆ ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಕಲ್ಲಿನ ವ್ಯಾಪಾರಿ ಇದ್ದ. ಗಣಿಯಿಂದ ಕಲ್ಲು ತರಿಸಿ, ಕೊಯ್ಯಿಸಿ, ಹೊಳಪು ಕೊಡಿಸಿ ಮಾರುತ್ತಿದ್ದ. ಕೆಟ್ಟವನಲ್ಲ. ಅವನ ಹೆಂಡತಿಯ ಹೆಸರು ನೀಲಾಂಬಿಕೆ. ಅವಳು ಒಮ್ಮೆ ಹಿತ್ತಲ ಮೆಟ್ಟಿಲಿನಿಂದ ಜಾರಿ ಬಿದ್ದಳು. ಬೆನ್ನುಮೂಳೆ ಬಿರುಕು ಬಿಟ್ಟಿತು. ಶಸ್ತ್ರಚಿಕಿತ್ಸೆಯಾಯಿತು. ನಡೆಯಲು ಬಂತು. ಆದರೆ ಬಸ್ಸಿನಲ್ಲಾಗಲಿ ಜೀಪಿನಲ್ಲಾಗಲಿ ಕೂರಲು ಆಗುತ್ತಿರಲಿಲ್ಲ. ಚಕ್ರ ಒಂದು ಗುಂಡಿಗೆ ಬಿದ್ದರೆ ಅವಳ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಒಂದು ವರ್ಷ ಅವಳು ಮನೆಯ ಹೊಸ್ತಿಲು ದಾಟಲಿಲ್ಲ.

ವ್ಯಾಪಾರಿಗೆ ಇದನ್ನು ಸಹಿಸಲಾಗಲಿಲ್ಲ. ಜೀಪು ಮಾರಿ ಒಂದು ದೊಡ್ಡ ಕಾರು ತಂದ. ಉದ್ದನೆಯ, ಕಪ್ಪನೆಯ, ಸದ್ದೇ ಇಲ್ಲದ ಕಾರು. ನೀಲಾಂಬಿಕೆ ಸೊಂಟದ ಹಿಂದೆ ಒಂದು ದಿಂಬು ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಊರ ಹೊರಗಿನ ಹಾಳು ರಸ್ತೆಯಲ್ಲಿ ಎರಡು ಮೈಲಿ ಹೋದ ಮೇಲೆ, "ರೀ, ನೀರಿನ ಮೇಲೆ ಹೋದ ಹಾಗಿದೆ" ಎಂದಳು. ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಕಣ್ಣೊರೆಸಿಕೊಂಡ.

ಆಮೇಲೆ ಅವರು ಆಗಾಗ ಹೊರಡುತ್ತಿದ್ದರು. ತಂಗಿಯ ಮನೆಗೆ, ಆಸ್ಪತ್ರೆಗೆ, ಕೆಲವೊಮ್ಮೆ ಸುಮ್ಮನೆ. ಮನೆಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಸದ್ದು, ಬಂದುಹೋಗುವ ಜನ. ಅಲ್ಲಿ ಗಂಡ ಹೆಂಡತಿಗೆ ಮಾತಾಡಲು ಬಿಡುವಿರಲಿಲ್ಲ. ಕಾರಿನಲ್ಲಿ ಅವಳು ಮಾತಾಡುತ್ತಿದ್ದಳು. ಊಟದ ವಿಷಯ, ಸತ್ತವರ ವಿಷಯ, ಹೊಲದಲ್ಲಿ ಕಂಡ ಹಕ್ಕಿಯ ವಿಷಯ. ಅವನು ಕೇಳುತ್ತ ಗಾಡಿ ಓಡಿಸುತ್ತಿದ್ದ. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಅವಳು ಇಷ್ಟು ಮಾತುಗಾತಿ ಎಂದು ಅವನಿಗೆ ಗೊತ್ತಿರಲಿಲ್ಲ.

ಒಂದು ದಿನ ಯಾರದೋ ಮದುವೆಗೆ ಹೋದರು. ಛತ್ರದ ಮುಂದೆ ಇವನದೇ ತರಹದ ಇನ್ನೊಂದು ಕಾರು ನಿಂತಿತ್ತು. ಅದಕ್ಕೆ ಹೊರಗಿನಿಂದ ತರಿಸಿದ ಭಾರಿ ಚಕ್ರ ಹಾಕಿಸಿದ್ದರು. ಸುತ್ತ ಜನ ನೆರೆದಿದ್ದರು. ಇವನ ಕಾರನ್ನು ಯಾರೂ ನೋಡಲಿಲ್ಲ. ಒಬ್ಬ ಮಾತ್ರ ನೋಡಿ, "ಆನೆಗೆ ಕುರಿಯ ಕಾಲು ಇಟ್ಟ ಹಾಗಿದೆ" ಎಂದ. ಪಕ್ಕದವರು ನಕ್ಕರು. ವ್ಯಾಪಾರಿ ಕೇಳದವನಂತೆ ಒಳಗೆ ಹೋದ. ಆದರೆ ಊಟ ರುಚಿಸಲಿಲ್ಲ.

ಅವನ ಗಾಡಿಗಳನ್ನು ಇಪ್ಪತ್ತು ವರ್ಷದಿಂದ ರಿಪೇರಿ ಮಾಡುತ್ತಿದ್ದವನು ದಾದಾಪೀರ್ ಎಂಬ ಮೆಕ್ಯಾನಿಕ್. ವ್ಯಾಪಾರಿ ಮರುದಿನವೇ ಅವನ ಶೆಡ್ಡಿಗೆ ಹೋಗಿ, ದೊಡ್ಡ ಚಕ್ರ ಹಾಕು ಎಂದ.

ದಾದಾಪೀರ್ ಕೈ ಒರೆಸಿಕೊಂಡು ಗಾಡಿಯಲ್ಲಿದ್ದ ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. "ಅಣ್ಣಾವ್ರೇ, ಈ ರಬ್ಬರಿನ ಹೊಟ್ಟೆ ನೋಡಿ. ರಸ್ತೆಯ ಏಟನ್ನೆಲ್ಲ ನುಂಗೋದು ಇದೇ. ಒಳಗಿನ ಲೋಹದ ಬಳೆ ದೊಡ್ಡದಾದಷ್ಟೂ ಈ ಹೊಟ್ಟೆ ಸಣ್ಣದಾಗುತ್ತೆ. ಆಗ ಇದು ನುಂಗದೇ ಇದ್ದದ್ದನ್ನ ಒಳಗೆ ಕೂತವರು ನುಂಗಬೇಕಾಗುತ್ತೆ. ಅಕ್ಕಾವ್ರ ಬೆನ್ನು ನೆನೆಸಿಕೊಳ್ಳಿ."

"ಅವಳಿಗೇನೂ ಆಗೋದಿಲ್ಲ."

"ನಾನಂತೂ ಹಾಕೋದಿಲ್ಲ" ಎಂದು ದಾದಾಪೀರ್ ಕೆಲಸಕ್ಕೆ ತಿರುಗಿಕೊಂಡ.

ವ್ಯಾಪಾರಿ ದೊಡ್ಡ ಊರಿಗೆ ಹೋಗಿ ಬೇರೆಯವರಿಂದ ಹಾಕಿಸಿಕೊಂಡು ಬಂದ. ಚಕ್ರಗಳು ಗಾಡಿಯ ಮೈಗೆ ತಾಗುವಷ್ಟು ದೊಡ್ಡವು. ಬೆಳ್ಳಿಯ ಹಾಗೆ ಹೊಳೆಯುವ ಕಡ್ಡಿಗಳು. ಅದರ ಸುತ್ತ ರಬ್ಬರು ಎರಡು ಬೆರಳಿನಷ್ಟು ಮಾತ್ರ. ಅವನು ಊರೊಳಗೆ ಬಂದಾಗ ಹೋಟೆಲಿನಲ್ಲಿ ಕೂತವರು ಲೋಟ ಹಿಡಿದುಕೊಂಡೇ ಎದ್ದು ಬಂದರು.

ಆ ವಾರ ನೀಲಾಂಬಿಕೆ ಹತ್ತಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ರೀ, ರಸ್ತೆ ಕೆಟ್ಟುಹೋಗಿದೆಯಾ?" ಎಂದು ಕೇಳಿದಳು.

"ಮಳೆ ಬಿದ್ದು ಕೆಟ್ಟಿದೆ" ಎಂದ.

ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ಮುಂದಿನ ಸಲವೂ ಕೇಳಿದಳು. ಅದರ ಮುಂದಿನ ಸಲವೂ ಕೇಳಿದಳು. ಆಮೇಲೆ ಕೇಳಲಿಲ್ಲ. ಬೇರೆ ಮಾತೂ ಆಡಲಿಲ್ಲ. ಹಲ್ಲು ಕಚ್ಚಿ ಕೂತವಳಿಗೆ ಹಕ್ಕಿಯ ಸುದ್ದಿ ಹೇಳಲು ಆಗುವುದಿಲ್ಲ. ಅಭ್ಯಾಸವಾಯಿತು ಎಂದು ಅವನು ತಿಳಿದುಕೊಂಡ.

ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದಕ್ಕೆ ನೆಲದಿಂದ ಮಾಳಿಗೆಯವರೆಗೆ ಗಾಜು ಹಾಕಿದ್ದರು. ಅಲ್ಲಿ ಅವನು ಗಾಡಿಯನ್ನು ನಿಧಾನ ಮಾಡುತ್ತಿದ್ದ. ಗಾಜಿನಲ್ಲಿ ತನ್ನ ಚಕ್ರ ತಿರುಗುವುದನ್ನು ನೋಡುತ್ತಿದ್ದ. ಒಂದು ಮಧ್ಯಾಹ್ನ ಹಾಗೆ ನೋಡುವಾಗ ಗಾಜಿನೊಳಗಿನ ಕಾರಿನಲ್ಲಿ ಹಿಂದಿನ ಸೀಟು ಖಾಲಿ ಇತ್ತು. ತಟ್ಟನೆ ತಿರುಗಿದ. ನೀಲಾಂಬಿಕೆ ಕಣ್ಣು ಮುಚ್ಚಿ ಕೂತಿದ್ದಳು. ಬಿಸಿಲಿನ ಝಳ ಎಂದುಕೊಂಡ. ಹದಿನೈದು ದಿನದ ಮೇಲೆ ಮತ್ತೆ ಹಾಗೇ ಕಂಡಿತು. ಮತ್ತೆ ತಿರುಗಿದ. ಇದ್ದಳು. ಮೂರನೆಯ ಸಲ ಕಂಡಾಗ ಅವನು ತಿರುಗಲಿಲ್ಲ. ಚಕ್ರವನ್ನೇ ನೋಡಿಕೊಂಡು ಮುಂದೆ ಹೋದ.

ನೀಲಾಂಬಿಕೆಯ ತಂಗಿಯ ಮಗಳಿಗೆ ಸೀಮಂತ ಗೊತ್ತಾಯಿತು. ನಲವತ್ತು ಮೈಲಿ ದೂರದ ಊರು. ಗಂಡ ಹೆಂಡತಿ ಬೆಳಗ್ಗೆ ಹೊರಟರು. ಅರ್ಧ ದಾರಿಯಲ್ಲಿ ಒಂದು ಚಹದಂಗಡಿ. ವ್ಯಾಪಾರಿ ಗಾಡಿ ನಿಲ್ಲಿಸಿ ಇಳಿದ. ಇಳಿದದ್ದೇ ತಡ ಐದಾರು ಜನ ಸುತ್ತುವರಿದರು. ಎಲ್ಲಿಂದ ತರಿಸಿದಿರಿ, ಎಷ್ಟು ಅಂಗುಲ, ಕಡ್ಡಿ ಯಾವ ಲೋಹ ಎಂದು ಕೇಳಿದರು. ಅವನು ಚಕ್ರದ ಮೇಲೆ ಕೈಯಿಟ್ಟು ಎಲ್ಲವನ್ನೂ ವಿವರಿಸಿದ. ಕಾಲು ಗಂಟೆ ಕಳೆಯಿತು. ಆಮೇಲೆ ಬಂದು ತನ್ನ ಸೀಟಿನಲ್ಲಿ ಕೂತ. ಹಿಂದಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಹೊರಟ.

ಕನ್ನಡಿಯಲ್ಲಿ ಅವಳ ಸೀರೆಯ ನೀಲಿ ಅಂಚು ಕಂಡಿತು. ಸೆರಗನ್ನು ತಲೆಯ ಮೇಲೆ ಮುಂದಕ್ಕೆ ಎಳೆದುಕೊಂಡಿದ್ದಳು.

"ನೋಡಿದೆಯಾ, ಜನ ಹೇಗೆ ಮುತ್ತಿಕೊಂಡರು?" ಎಂದ.

"ಹೂಂ" ಎಂದು ಹಿಂದಿನಿಂದ ಬಂತು.

ಅವನಿಗೆ ಹಿಗ್ಗಾಯಿತು. ಎಷ್ಟೋ ತಿಂಗಳ ಮೇಲೆ ಅವಳು ಬಾಯಿ ಬಿಟ್ಟಿದ್ದಳು. ಅವನು ಮಾತಾಡುತ್ತಲೇ ಹೋದ. ಚಕ್ರದ ವಿಷಯ ಹೇಳಿದ. ಮದುವೆ ಛತ್ರದಲ್ಲಿ ನಕ್ಕವನು ಈಗ ಇದನ್ನು ನೋಡಬೇಕಿತ್ತು ಎಂದ. ಮಾತು ಮಾತಿಗೂ ಹೂಂ ಎಂದು ಬಂತು. ಒಂದೇ ದನಿ, ಏರದೆ, ಇಳಿಯದೆ.

ಮುಂದೆ ರಸ್ತೆ ಅಗೆದಿದ್ದರು. ಗಾಡಿ ದಡದಡ ಬಡಿದುಕೊಂಡಿತು. ವ್ಯಾಪಾರಿಯ ತಲೆ ಮೇಲಿನ ಚಾವಣಿಗೆ ತಾಗಿತು. ಅವಳಿಗೆ ನೋವಾಯಿತೇನೋ ಎಂದು ಕನ್ನಡಿ ನೋಡಿದ. ಹಿಂದೆ ಕೂತವಳು ಅಲುಗಿರಲಿಲ್ಲ. ಸೆರಗು ಕೂಡ ಅಲುಗಿರಲಿಲ್ಲ.

"ಅಂತೂ ನಿನ್ನ ಬೆನ್ನಿಗೆ ರೂಢಿಯಾಯಿತಲ್ಲ!"

"ಹೂಂ."

ತಂಗಿಯ ಮನೆಯ ಮುಂದೆ ಗಾಡಿ ನಿಂತಿತು. ತಂಗಿ ಆರತಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ವ್ಯಾಪಾರಿ ಇಳಿದು ಹಿಂದಿನ ಬಾಗಿಲು ತೆಗೆದ. ಸೀಟಿನಲ್ಲಿ ಯಾರೂ ಇರಲಿಲ್ಲ. ದಿಂಬೂ ಇರಲಿಲ್ಲ. ಮೆತ್ತೆಯಲ್ಲಿ ಒಂದು ತಗ್ಗು ಬಿದ್ದಿತ್ತು. ಈಗತಾನೇ ಯಾರೋ ಎದ್ದುಹೋದಂತೆ, ಅವನು ನೋಡುತ್ತಿದ್ದ ಹಾಗೇ ಅದು ಮೆಲ್ಲನೆ ಮೇಲೆ ಬಂದು ಸಮವಾಯಿತು.

"ಅಕ್ಕ ಎಲ್ಲಿ ಭಾವ?" ಎಂದು ತಂಗಿ ಕೇಳಿದಳು.

ಅವನು ಮತ್ತೆ ಗಾಡಿಯೊಳಗೆ ಕೂತ. ಗಾಡಿ ತಿರುಗಿಸಿದ.

ದಾರಿಯಲ್ಲಿ ಕಂಡಲ್ಲೆಲ್ಲ ನಿಲ್ಲಿಸಿ ಕೇಳಿದ. ಪೆಟ್ರೋಲ್ ಬಂಕಿನವನು, "ಆ ಚಕ್ರ ಮರೆಯೋದುಂಟೇ? ಸ್ವಲ್ಪ ಹೊತ್ತಿಗೆ ಮುಂಚೆ ಹೀಗೇ ಹೋದಿರಿ" ಎಂದ. ಹಿಂದೆ ಹೆಂಗಸು ಇದ್ದಳೇ ಎಂದರೆ, ಒಳಗೆ ನೋಡಲಿಲ್ಲ ಎಂದ. ರಸ್ತೆ ಅಗೆಯುತ್ತಿದ್ದ ಆಳುಗಳೂ ಚಕ್ರವನ್ನು ನೋಡಿದ್ದರು, ಒಳಗೆ ನೋಡಿರಲಿಲ್ಲ. ವ್ಯಾಪಾರಿಗೆ ತನ್ನ ಮೇಲೆಯೇ ದಿಗಿಲು ಹುಟ್ಟಿತು. ಬೆಳಗ್ಗೆ ಅವಳ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದ. ನೆನಪಿಗೆ ಬರಲಿಲ್ಲ. ಟೋಲ್ ಗೇಟಿನ ಹುಡುಗಿ ಮಾತ್ರ, "ಇದ್ದರು ಸರ್. ಹಿಂದೆ ಒಬ್ಬರು ಕೂತಿದ್ದರು. ಮುಖ ಕಾಣಲಿಲ್ಲ" ಎಂದಳು.

ಚಹದಂಗಡಿಗೆ ಬಂದಾಗ ಮಧ್ಯಾಹ್ನವಾಗಿತ್ತು. ನೀಲಾಂಬಿಕೆ ಬೆಂಚಿನ ಮೇಲೆ, ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದಳು.

ಅವನು ಅವಳ ಕಾಲ ಬಳಿ ಕುಸಿದು ಕೂತ. "ಯಾವಾಗ ಇಳಿದೆ?"

"ನೀವು ನಿಲ್ಲಿಸಿದಾಗಲೇ ಇಳಿದೆ. ನಿಮ್ಮ ಪಕ್ಕ ಬಂದು ನಿಂತು ಹೇಳಿದೆ. ಬೆನ್ನು ತಡೆಯೋದಿಲ್ಲ, ನಾನು ಇನ್ನು ಈ ಗಾಡಿ ಹತ್ತೋದಿಲ್ಲ, ಬೇರೆ ಏನಾದರೂ ಮಾಡಿಕೊಂಡು ಬರ್ತೀನಿ, ನೀವು ಹೋಗಿ ಅಂದೆ. ನೀವು ಅವರಿಗೆ ಏನೋ ತೋರಿಸುತ್ತ ಇದ್ದಿರಿ. ಮೂರು ಸಲ ಹೇಳಿದೆ. ಮೂರನೇ ಸಲ ತೋಳು ಹಿಡಿದು ಹೇಳಿದೆ. ಮೂರು ಸಲವೂ ಹೂಂ ಅಂದಿರಿ."

ಅಂಗಡಿಯ ಹೊನ್ನಮ್ಮ ಒಳಗಿನಿಂದ, "ಆಗಿನಿಂದ ನನ್ನ ಚಾಪೆ ಮೇಲೇ ಮಲಗಿದ್ದರು ಕಣಪ್ಪ. ಎದ್ದು ಕೂತದ್ದು ಈಗ" ಎಂದಳು.

ವ್ಯಾಪಾರಿ ಗಾಡಿಯ ಕಡೆ ಕೈ ತೋರಿಸಿದ. "ಹಾಗಾದರೆ ನಾನು ಅಲ್ಲಿವರೆಗೆ ಕರೆದುಕೊಂಡು ಹೋದದ್ದು ಯಾರನ್ನ? ಮಾತಾಡಿಕೊಂಡು ಹೋದೆನಲ್ಲ."

ನೀಲಾಂಬಿಕೆ ಗಾಡಿಯ ಕಡೆ ನೋಡಿದಳು. ಹಿಂದಿನ ಕಿಟಕಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬೆಂಚಿನ ಆಚೆ ತುದಿಗೆ ಸರಿದು, ಆ ಕಡೆಗೆ ಬೆನ್ನು ಮಾಡಿ ಕೂತಳು.

ಅವಳನ್ನು ಒಂದು ಆಂಬುಲೆನ್ಸಿನಲ್ಲಿ ಮಲಗಿಸಿ ಮನೆಗೆ ಕಳಿಸಿದ. ತಾನು ಒಬ್ಬನೇ ಕಾರು ಓಡಿಸಿಕೊಂಡು ನೇರವಾಗಿ ದಾದಾಪೀರನ ಶೆಡ್ಡಿಗೆ ಹೋದ. ದಾರಿಯುದ್ದಕ್ಕೂ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟಿದ್ದ. ಒಂದು ಮಾತೂ ಆಡಲಿಲ್ಲ. ಆಡಿದರೆ ಉತ್ತರ ಬಂದೀತು ಎಂಬ ಭಯ.

"ಹಳೇ ಚಕ್ರ ಹಾಕಿಬಿಡು" ಎಂದ.

ದಾದಾಪೀರ್ ಯಾಕೆ ಎಂದು ಕೇಳಲಿಲ್ಲ. ಜಾಕ್ ಉರುಳಿಸಿಕೊಂಡು ಬಂದು ಗಾಡಿಯ ಕೆಳಗೆ ತಳ್ಳಿದ. ಬಗ್ಗಿದವನು ಕಿಟಕಿಯ ಮಟ್ಟದಲ್ಲಿ ಒಮ್ಮೆ ನಿಂತ.

"ಅಣ್ಣಾವ್ರೇ, ಅಕ್ಕಾವ್ರನ್ನ ಇಳಿಯಕ್ಕೆ ಹೇಳಿ. ಒಳಗೆ ಜನ ಕೂತಿರುವಾಗ ಎತ್ತಬಾರದು."

ವ್ಯಾಪಾರಿ ಕೀಲಿಕೈಯನ್ನು ಅಲ್ಲೇ ಬೆಂಚಿನ ಮೇಲಿಟ್ಟ. ಹಿಂದೆ ನೋಡದೆ ಮನೆಗೆ ನಡೆದುಕೊಂಡು ಹೋದ.

ದಾದಾಪೀರ್ ಮರುದಿನ ಬೆಳಗ್ಗೆ ಹಳೆಯ ಚಕ್ರ ಹಾಕಿ ತಾನೇ ತಂದು ಬಿಟ್ಟ. ಗಾಡಿ ಮೊದಲಿನಂತೆಯೇ ಆಗಿತ್ತು. ಆಳೊಬ್ಬ ಅದೇ ಹಾಳು ರಸ್ತೆಯಲ್ಲಿ ಓಡಿಸಿ ಬಂದು, ತುಂಬಿದ ಲೋಟ ಇಟ್ಟರೂ ಚೆಲ್ಲುವುದಿಲ್ಲ ಎಂದ. ವ್ಯಾಪಾರಿ ಹೆಂಡತಿಯ ಮುಂದೆ ನಿಂತು ತಪ್ಪಾಯಿತು ಎಂದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಹಾಗೆ ಅಂದದ್ದು. ಅವಳು ಅವನ ಕೈ ಹಿಡಿದುಕೊಂಡಳು. ಸಿಟ್ಟಿರಲಿಲ್ಲ.

"ಹಾಗಾದರೆ ಬಾ, ಒಂದು ಸುತ್ತು ಹೋಗಿಬರೋಣ" ಎಂದ.

ಅವಳು ಗಾಡಿಯವರೆಗೆ ಬಂದಳು. ಹಿಂದಿನ ಬಾಗಿಲು ತೆಗೆದಳು. ಒಳಗೆ ನೋಡಿದಳು. ಮೆಲ್ಲನೆ, ಸದ್ದಾಗದ ಹಾಗೆ ಬಾಗಿಲು ಮುಚ್ಚಿದಳು.

"ಜಾಗ ಇಲ್ಲ ರೀ" ಎಂದಳು.

ಅವರು ಮತ್ತೆ ಆ ಕಾರು ಹತ್ತಲಿಲ್ಲ. ಸಂಜೆ ಹೊತ್ತು ಇಬ್ಬರೂ ಊರ ಹೊರಗಿನ ಹೊಲಗಳವರೆಗೆ ನಿಧಾನವಾಗಿ ನಡೆದುಹೋಗುತ್ತಾರೆ. ಅವಳಿಗೆ ಮಾತು ಮರಳಿದೆ. ಅವನು ಅವಳ ಮುಖ ನೋಡಿಕೊಂಡು ಕೇಳುತ್ತಾನೆ. ಗಾಡಿ ಕಲ್ಲಿನ ಗೋದಾಮಿನ ಹಿಂದೆ, ಬಟ್ಟೆ ಹೊದಿಸಿಕೊಂಡು ನಿಂತಿದೆ. ಆಳುಗಳು ಆ ಕಡೆ ಕೂತು ಬುತ್ತಿ ಬಿಚ್ಚುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ಆಳುಗಳು ಸಂಜೆಗೆ ದೀಪದ ತಂತಿ ಎಳೆಯುತ್ತಿದ್ದರು.

ನಿಜಗುಣ, "ಗುರುಗಳೇ, ಅಂಗಡಿಯಿಂದ ಮುಂದೆ ಆ ಸೀಟಿನಲ್ಲಿ ಕೂತು ಹೋದವರು ಯಾರು?" ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿದರು.

"ಅವನಿಗೆ ಹೂಂ ಎಂದು ತಲೆಯಾಡಿಸುವವರು ಬೇಕಾಗಿತ್ತು, ಬಂದು ಕೂತರು."