ಗಂಟವ್ವ ಕೆಂಪಾದ ಕಥೆ

ಲೋಕ ಇನ್ನೂ ಹೊಸದು. ಮಣ್ಣಿನ ತೇವ ಆರಿರಲಿಲ್ಲ, ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಆಗ ನಿಂಗಿ ಎಂಬ ಹುಡುಗಿಯ ಗಂಟಲಿನಲ್ಲಿ ಇಬ್ಬರು ಕಾವಲುಗಾರ್ತಿಯರಿದ್ದರು. ಬಲಕ್ಕೆ ಅಕ್ಕ ಗಂಟವ್ವ, ಎಡಕ್ಕೆ ತಂಗಿ ಗುಂಡವ್ವ. ಇಬ್ಬರೂ ಹೆಸರುಕಾಳಿನಷ್ಟೇ ಇದ್ದರು.

ಗಂಟವ್ವನಿಗೆ ಎಲ್ಲರ ಮೇಲೂ ಗುಮಾನಿ. ಗಾಳಿ ಬಂದರೆ, "ಎಲ್ಲಿಂದ ಬಂದೆ? ಯಾರನ್ನ ಕರ್ಕೊಂಡು ಬಂದೆ?" ಎನ್ನುವಳು. ಮಜ್ಜಿಗೆಗೂ ಅದೇ ಪ್ರಶ್ನೆ.

"ದಿನಾ ಬರೋಳು ಕಣವ್ವ ನಾನು," ಎಂದು ಮಜ್ಜಿಗೆ ಮುನಿಸಿಕೊಳ್ಳುತ್ತಿತ್ತು.

"ದಿನಾ ಬರೋರ ಮೇಲೇ ನಂಗೆ ಜಾಸ್ತಿ ಅನುಮಾನ!"

ಯಾರ ಎಂಜಲನ್ನೂ ಒಳಗೆ ಬಿಡಬಾರದು ಎಂಬುದು ಆ ಬಾಗಿಲ ಕಟ್ಟಳೆ.

ಒಂದು ದಿನ ಕೆಮ್ಮುತ್ತಾ ಬಂದ ಗೆಳತಿ ಚೆಲುವಿ, ಬೆಲ್ಲದ ಅಚ್ಚನ್ನು ಲಂಗದ ಅಂಚಿನಲ್ಲಿ ಸುತ್ತಿ, ಕಟಕ್ಕನೆ ಕಚ್ಚಿ, ಅರ್ಧವನ್ನು ನಿಂಗಿಗೆ ಕೊಟ್ಟಳು. "ಕಾಗೆ ಎಂಜಲು ಕಣೇ. ಬಟ್ಟೆ ಅಡ್ಡ ಇತ್ತಲ್ಲ, ಇದು ಎಂಜಲಲ್ಲ."

ಬೆಲ್ಲದ ಹಿಂದೆಯೇ, ಕಣ್ಣಿಗೆ ಕಾಣದಷ್ಟು ಚಿಕ್ಕ ಮಣಿಗಳು ಕೈ ಕೈ ಹಿಡಿದು ಸಾಲಾಗಿ ಬಂದವು.

"ಯಾರು ನೀವು?"

"ಸರದ ಮಣಿಗಳು ಗಂಟವ್ವ. ನಿಂಗಿ ಕೊರಳಿಗೆ ಅಲಂಕಾರ."

ಗಂಟವ್ವ ಕಣ್ಣು ಕಿರಿದು ಮಾಡಿದಳು. ಸರ ಅಂದಮೇಲೆ ದಾರ ಎಲ್ಲಿ? ಅಲಂಕಾರಕ್ಕೆ ಕೊರಳ ಒಳಗೇನು ಕೆಲಸ?

"ಕಾಗೆ ಎಂಜಲಲ್ವೇನಕ್ಕ, ಬಿಡು," ಎಂದಳು ಗುಂಡವ್ವ. ಗಂಟವ್ವ ದಾರಿ ಬಿಟ್ಟಳು. ಜೀವಮಾನದಲ್ಲಿ ಅವಳು ಅನುಮಾನವಿದ್ದೂ ದಾರಿ ಬಿಟ್ಟದ್ದು ಅದೊಂದೇ ಸಲ.

ಮಾರನೆಯ ದಿನ ಒಂದು ಸರ ಎರಡಾಯಿತು, ಎರಡು ನಾಲ್ಕಾಯಿತು. ನಿಂಗಿ ಉಗುಳು ನುಂಗಲಾರದೆ ಅತ್ತಳು. ಆಗ ರಕ್ತದ ಹೊಳೆ ಏದುಸಿರು ಬಿಡುತ್ತಾ ಬಂತು.

"ಗಂಟವ್ವ, ನೀನು ಬಿಟ್ಟ ಮಣಿಗಳು ನನ್ನ ದಾರಿ ಕೇಳ್ತಿವೆ. ನಿಂಗಿ ಹೃದಯ ಎಷ್ಟು ದೂರ ಅಂತಿವೆ!"

ಗಂಟವ್ವ ಬಗ್ಗಿ ನೋಡಿದಳು. ಕೆಳಗೆ ಆ ಪುಟ್ಟ ಹೃದಯ ಏನೂ ಅರಿಯದೆ ಬಡಿದುಕೊಳ್ಳುತ್ತಿತ್ತು.

"ತಪ್ಪು ನಂದೇ! ಹೊಳೆಯವ್ವ, ನಿನ್ನ ಬಿಸಿಯೆಲ್ಲ ಇತ್ತ ಹರಿಸು. ಗುಂಡವ್ವ, ಉಬ್ಬೇ!"

ಅಕ್ಕತಂಗಿಯರು ಕೆಂಪಗೆ ಕಾದು, ನೆಲ್ಲಿಕಾಯಿ ಗಾತ್ರ ಉಬ್ಬಿ, ದಾರಿಗೆ ಅಡ್ಡ ನಿಂತರು. ನಿಂಗಿಯ ಮೈ ಸುಟ್ಟಿತು. ಏಳು ದಿನ ಕಾದಾಡಿದ ಮೇಲೆ ಮಣಿಗಳು ಉದುರಿದವು, ಹೃದಯ ಉಳಿಯಿತು. ಆದರೆ ಒಂದು ಮಣಿ ಎಲ್ಲೋ ಅಡಗಿದೆ ಎಂದು ಗಂಟವ್ವನಿಗೆ ಇಂದಿಗೂ ಅನುಮಾನ. ನೋವು ಹೋದರೂ ಮಾತ್ರೆ ಪೂರ್ತಿ ಮುಗಿಸು ಎಂದು ಡಾಕ್ಟರು ಹೇಳುವುದು ಆ ಒಂದು ಮಣಿಗಾಗಿಯೇ.

ಅದಕ್ಕೇ ಮಗು, ಗಂಟಲು ನೋಯುವಾಗ ನೀನು ಕನ್ನಡಿಯ ಮುಂದೆ "ಆ" ಎಂದರೆ, ಎರಡು ಕೆಂಪು ಗಂಟುಗಳು ಉಬ್ಬಿಕೊಂಡು ನಿನ್ನನ್ನೇ ದುರುಗುಟ್ಟಿ ನೋಡುತ್ತವೆ: ನಿಜ ಹೇಳು, ಯಾರ ಕಾಗೆ ಎಂಜಲು ತಿಂದೆ?