ದೂರು ಬಾರದ ಕಂಪ್ಯೂಟರ್‌ಗಳು

ಶಿಷ್ಯ ಕೇಳಿದ: "ಗುರುಗಳೇ, ನೆರವು ಪಡೆದವರು ನೆರವಾದವರ ಮೇಲೆಯೇ ಸಿಟ್ಟಾಗುವುದನ್ನು ನೋಡಿದ್ದೇನೆ. ಅದು ಉಪಕಾರವನ್ನು ಮರೆತಂತಲ್ಲವೇ?"

ಆ ಪ್ರಶ್ನೆ ಗುರುವಿಗೆ ಹಿಡಿಸಲಿಲ್ಲ. ಉತ್ತರವಾಗಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಸಂಘವಿತ್ತು. ಅಲ್ಲಿ ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದರು. ಜೋಡಿಸುವವರಲ್ಲಿ ಕೆಲವರಿಗೆ ಕಾಲಿನಲ್ಲಿ ಬಲವಿರಲಿಲ್ಲ, ಕೆಲವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಒಬ್ಬನಿಗೆ ಒಂದೇ ಕೈ. ಸಂಘ ಲಾಭಕ್ಕೆ ನಡೆಯುತ್ತಿರಲಿಲ್ಲ. ಬಂದದ್ದು ದುಡಿದವರ ಸಂಬಳಕ್ಕೆ ಹೋಗುತ್ತಿತ್ತು. ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಹಂಪಮ್ಮ ಎಂಬ ಹೆಂಗಸು. ಎಳವೆಯಲ್ಲಿ ಪೋಲಿಯೊ ಬಂದು ಅವಳ ಎರಡೂ ಕಾಲು ಸೋತಿದ್ದವು. ಗಾಲಿ ಕುರ್ಚಿಯಲ್ಲೇ ಓಡಾಡುತ್ತಿದ್ದಳು.

ಆ ಊರಿನ ಪುರಸಭೆಗೆ ಕಂಪ್ಯೂಟರ್‌ಗಳು ಬೇಕಾದವು. ಈ ಸಲ ಸಂಘದಿಂದಲೇ ಕೊಳ್ಳೋಣ ಎಂದು ಅಧ್ಯಕ್ಷ ಸಭೆಯಲ್ಲಿ ಹೇಳಿದ. ಸದಸ್ಯರು ಮೇಜು ತಟ್ಟಿ ಒಪ್ಪಿದರು. ಸುದ್ದಿ ಬಂದ ದಿನ ಸಂಘದಲ್ಲಿ ಹಬ್ಬ. ಅದುವರೆಗೆ ಅವರಿಂದ ಕೊಂಡವರೆಲ್ಲ ನೆಂಟರು, ಪರಿಚಯದವರು. ಇನ್ನು ಮುಂದೆ ಊರಿನವರ ಜನನ ಪತ್ರ, ನೀರಿನ ಕಂದಾಯ, ಮನೆಯ ಖಾತೆ, ಎಲ್ಲವೂ ತಾವು ಜೋಡಿಸಿದ ಯಂತ್ರದ ಮೇಲೆ ನಡೆಯಲಿವೆ. ಹಂಪಮ್ಮ ಪ್ರತಿಯೊಂದನ್ನೂ ಇಡೀ ದಿನ ಚಾಲೂ ಇಟ್ಟು ನೋಡಿದಳು. ಆಮೇಲೆ ತಾನೇ ಪೆಟ್ಟಿಗೆಗೆ ಹಾಕಿ ಟೇಪು ಅಂಟಿಸಿದಳು.

ಒಪ್ಪಿಸುವ ದಿನ ಪುರಸಭೆಯವರು ಸಮಾರಂಭ ಮಾಡಿದರು. ಸಂಘದವರಿಗೆಲ್ಲ ಶಾಲು ಹೊದಿಸಿ ಫೋಟೊ ತೆಗೆಸಿದರು. "ಪಾಪ, ಇವರಿಗೆ ನಾವಲ್ಲದೆ ಇನ್ಯಾರಿದ್ದಾರೆ" ಎಂದು ಅಧ್ಯಕ್ಷ ಮೈಕಿನಲ್ಲಿ ಹೇಳಿದ. ಹಂಪಮ್ಮನಿಗೆ ಆ 'ಪಾಪ' ಚುಚ್ಚಿತು. ಯಂತ್ರಗಳು ಕೆಲಸ ಶುರುಮಾಡಿದ ಮೇಲೆ ಆ ಮಾತು ತಾನಾಗಿ ನಿಲ್ಲುತ್ತದೆ ಎಂದುಕೊಂಡಳು.

ತಿಂಗಳುಗಳು ಕಳೆದವು. ಪುರಸಭೆಯಿಂದ ಒಂದು ದೂರೂ ಬರಲಿಲ್ಲ, ರಿಪೇರಿಗೆ ಯಾರೂ ಕರೆಯಲಿಲ್ಲ. ಸಂಘದವರು ಹಿಗ್ಗಿದರು. ಕಿವಿ ಕೇಳದ ಖಾಸಿಂ ಎಂಬ ಕೆಲಸಗಾರ, ಒಂದೇ ಒಂದು ದೂರಿಲ್ಲ ಎಂದು ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದ.

ಆಗ ಹಂಪಮ್ಮನ ತಾಯಿ ತೀರಿಕೊಂಡಳು. ಮರಣ ಪತ್ರಕ್ಕಾಗಿ ಹಂಪಮ್ಮ ಪುರಸಭೆಗೆ ಹೋದಳು. ಗುಮಾಸ್ತನ ಮೇಜಿನ ಮೇಲೆ ಬೇರೆ ಯಾವುದೋ ಕಂಪ್ಯೂಟರ್ ಇತ್ತು. ಪಕ್ಕದ ಮೇಜಿನ ಮೇಲೂ ಅಂಥದೇ. ನಮ್ಮವು ಎಲ್ಲಿ ಎಂದು ಕೇಳಿದಳು. ಗುಮಾಸ್ತ ಕೆಟ್ಟವನಲ್ಲ. ಹಿಂದೆಮುಂದೆ ನೋಡಿ, ಎದ್ದು ಹೋಗಿ ಉಗ್ರಾಣದ ಬಾಗಿಲು ತೆರೆದ. ಬ್ಲೀಚಿಂಗ್ ಪುಡಿಯ ಚೀಲಗಳ ಹಿಂದೆ ಪೆಟ್ಟಿಗೆಗಳಿದ್ದವು. ಅವಳು ಅಂಟಿಸಿದ ಟೇಪು ಹಾಗೇ ಇತ್ತು.

"ತಪ್ಪು ತಿಳೀಬೇಡಿ ಅಕ್ಕಾ. ನಿಮಗೆ ಸಹಾಯ ಆಗಲಿ ಅಂತ ಇವನ್ನು ತಗೊಂಡಿದ್ದು. ಕೆಲಸಕ್ಕೆ ಅಂಗಡಿಯಿಂದ ಬೇರೆ ತರಿಸಿದ್ದಾರೆ" ಎಂದ ಗುಮಾಸ್ತ.

ಹಂಪಮ್ಮ ನೇರವಾಗಿ ಅಧ್ಯಕ್ಷನ ಕೋಣೆಗೆ ಹೋದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು ನಕ್ಕ.

"ನೋಡಮ್ಮ, ನಿಮ್ಮ ಹಣ ನಿಮಗೆ ಬಂದಿದೆ. ನಾವು ಪೆಟ್ಟಿಗೆ ಬಿಚ್ಚಿದರೇನು, ಬಿಟ್ಟರೇನು? ನಿಮಗೇನು ನಷ್ಟ?"

ಹಂಪಮ್ಮ ಕುರ್ಚಿಯನ್ನು ಅವನ ಮೇಜಿನ ಹತ್ತಿರಕ್ಕೆ ತಂದಳು. "ಬಿಚ್ಚಿ ನೋಡಿ, ಚೆನ್ನಾಗಿಲ್ಲ ಅಂತ ವಾಪಸ್ ಕಳಿಸಿದ್ದರೆ ತಲೆ ತಗ್ಗಿಸಿ ತಗೊಂಡು ಹೋಗ್ತಿದ್ದೆ ಸರ್. ನೀವು ನಮ್ಮನ್ನು ಬೈಯೋದಕ್ಕೂ ಲಾಯಕ್ಕಿಲ್ಲದವರು ಅಂದುಕೊಂಡಿರಿ."

ಅಧ್ಯಕ್ಷ ಅವಳಿಗೆ ಚಹಾ ತರಿಸಿದ. ಅವಳು ಮುಟ್ಟದೆ ಹೊರಟುಬಂದಳು. ಬಾಗಿಲ ಮೇಲಿನ ಬರಹವನ್ನು ಖಾಸಿಂ ಅಂದೇ ಉಜ್ಜಿ ಅಳಿಸಿದ.

ವರ್ಷದ ಕೊನೆಗೆ ಪುರಸಭೆಯಿಂದ ಮತ್ತೆ ಬೇಡಿಕೆ ಬಂತು. ಹಿಂದಿನದಕ್ಕಿಂತ ದೊಡ್ಡದು. ಸಂಘದಲ್ಲಿ ಆಗ ಬೇರೆ ಕೆಲಸವೇ ಇರಲಿಲ್ಲ. ಆದರೂ ಎಲ್ಲರೂ ಕೂತು ಮಾತಾಡಿ, ಮೊದಲು ಉಗ್ರಾಣದಲ್ಲಿರುವವು ಮೇಜಿನ ಮೇಲೆ ಬರಲಿ, ಆಮೇಲೆ ಹೊಸದು ಜೋಡಿಸುತ್ತೇವೆ ಎಂದು ಹೇಳಿ ಕಳಿಸಿದರು. ಅಧ್ಯಕ್ಷನಿಗೆ ಅವಮಾನವಾಯಿತು. ಒಳ್ಳೆಯದು ಮಾಡಹೋದರೆ ಇವರಿಗೆ ಎಷ್ಟು ಕೊಬ್ಬು ನೋಡಿ ಎಂದು ಊರೆಲ್ಲ ಹೇಳಿಕೊಂಡು ಬಂದ. ಊರಿನವರು ಹೌದೆಂದರು.

ಸಂಘದ ಬಾಗಿಲು ಅರ್ಧ ಮುಚ್ಚಿತು. ಖಾಸಿಂ ಮನೆಯಲ್ಲಿ ಕೂತ. ಒಂದೇ ಕೈಯ ಹುಡುಗನ ತಾಯಿ ಬಂದು, ನಿನ್ನ ಹಟದಿಂದ ನನ್ನ ಮಗನ ಅನ್ನ ಹೋಯಿತು ಎಂದು ಹಂಪಮ್ಮನ ಮುಂದೆ ಅತ್ತಳು.

ಅಂಥ ಹೊತ್ತಿನಲ್ಲಿ ಪಕ್ಕದ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ ಬಂದ. ನೂರೆಂಟು ಪ್ರಶ್ನೆ ಕೇಳಿದ, ಚೌಕಾಸಿ ಮಾಡಿದ, ಕೊನೆಗೆ ಒಂದು ಕಂಪ್ಯೂಟರ್ ಕೊಂಡ. ಕೆಲವೇ ದಿನಕ್ಕೆ ಅವನ ಫೋನು ಬಂತು. "ಎಂಥದ್ದು ಕೊಟ್ಟಿದ್ದೀರಿ? ಹಾಲು ಅಳೆಯೋ ಹೊತ್ತಿಗೆ ಸರಿಯಾಗಿ ನಿಂತುಹೋಗಿದೆ. ಜನ ಕ್ಯಾನು ಹಿಡಿದು ನಿಂತಿದ್ದಾರೆ. ಈಗಿಂದೀಗಲೇ ಬನ್ನಿ."

ಹಂಪಮ್ಮ ಒಬ್ಬ ಕೆಲಸಗಾರನನ್ನು ಕರೆದುಕೊಂಡು ಆಟೊದಲ್ಲಿ ಹೋದಳು. ಒಳಗೆ ಒಂದು ವೈರು ಸಡಿಲವಾಗಿತ್ತು. ತಪ್ಪು ಸಂಘದ್ದೇ. ಸರಿಮಾಡುವವರೆಗೂ ಕಾರ್ಯದರ್ಶಿ ಗೊಣಗುತ್ತಲೇ ಇದ್ದ. ಹಿಂತಿರುಗುವಾಗ ಹಂಪಮ್ಮನ ಕಣ್ಣಲ್ಲಿ ನೀರು ಬಂತು. ಅವನು ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಜೊತೆಗಿದ್ದವನು ಸಮಾಧಾನ ಮಾಡಹೋದ. ಅವಳು ಅದಕ್ಕಲ್ಲ ಎಂದು ತಲೆಯಾಡಿಸಿದಳು. ಮುಂದಿನ ತಿಂಗಳು ಅದೇ ಕಾರ್ಯದರ್ಶಿ ಇನ್ನೆರಡು ಡೇರಿಯವರನ್ನು ಕಳಿಸಿದ. ಖಾಸಿಂ ಕೆಲಸಕ್ಕೆ ಮರಳಿದ. ಒಂದೇ ಕೈಯ ಹುಡುಗ ಮರಳಲಿಲ್ಲ. ಅಷ್ಟರಲ್ಲಿ ಊರು ಬಿಟ್ಟು ಹೋಗಿದ್ದ.

ಗುರುವಿನ ದನಿ ಇಲ್ಲಿ ಗಡುಸಾಯಿತು. "ಪುರಸಭೆಯ ಪೆಟ್ಟಿಗೆಗಳು ಇವತ್ತಿಗೂ ಉಗ್ರಾಣದಲ್ಲೇ ಇವೆ. ಅಧ್ಯಕ್ಷನಿಗೆ ದೀನಬಂಧು ಎಂಬ ಬಿರುದು ಕೊಟ್ಟು ಮೆರವಣಿಗೆ ಮಾಡಿದರು."

ಶಿಷ್ಯ ಮೆಲ್ಲಗೆ ಕೇಳಿದ: "ಏನೇ ಆಗಲಿ, ಅವನಲ್ಲಿ ಕರುಣೆ ಇತ್ತಲ್ಲವೇ ಗುರುಗಳೇ?"

"ಇತ್ತು," ಎಂದರು ಗುರು, "ಇಲ್ಲದಿದ್ದರೆ ಪೆಟ್ಟಿಗೆ ಬಿಚ್ಚಿ ನೋಡುತ್ತಿದ್ದ."